ಜಿ-ಫೋರ್ಸ್: ಹೆಗಲ ಮೇಲೆ ಕೂತವರು ಯಾರು?

ಹೋದ ದೀಪಾವಳಿಗೆ ಹುಬ್ಬಳ್ಳಿಯಿಂದ ಅಕ್ಕ, ಭಾವ, ಅಳಿಯ ನಮ್ಮ ಡೊಂಬಿವಲಿ ಮನೆಗೆ ಬಂದಿದ್ದರು. ಅಳಿಯನದು ಒಂದೇ ಹಟ. ಖೋಪೋಲಿ ಹತ್ತಿರದ ಇಮ್ಯಾಜಿಕಾಗೆ ಹೋಗಬೇಕು, ನೈಟ್ರೋ ಹತ್ತಬೇಕು. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಕಡೆಯಿಂದ ಹೋಗುವ ಈ ಪಾರ್ಕ್ ಶುರುವಾಗಿದ್ದು 2013ರಲ್ಲಿ. ನೈಟ್ರೋ ಅಲ್ಲಿನ ದೊಡ್ಡ ರೋಲರ್ ಕೋಸ್ಟರ್. ಕೂತವರ ಕಾಲ ಕೆಳಗೆ ತಳವೇ ಇರುವುದಿಲ್ಲ, ಕಾಲು ಗಾಳಿಯಲ್ಲಿ ನೇತಾಡುತ್ತವೆ. ಇಳಿದು ಬಂದ ಹುಡುಗ ನಗುತ್ತಲೇ ಹೇಳಿದ: "ಮಾಮಾ, ಕೆಳಗ ಬಂದಾಗ ಯಾರೋ ಹೆಗಲ ಮ್ಯಾಲೆ ಕುಂತಂಗಾತು."

ಕೂತದ್ದು ಬೇರೆ ಯಾರೂ ಅಲ್ಲ, ಅವನೇ. ಅವನ ತೂಕವೇ ಕೆಲವು ಪಟ್ಟು ಜಾಸ್ತಿಯಾಗಿ ಅವನ ಮೇಲೆ ಕೂತಿತ್ತು. ಆ 'ಎಷ್ಟು ಪಟ್ಟು' ಅನ್ನುವ ಲೆಕ್ಕಕ್ಕೆ ಇರುವ ಹೆಸರು ಜಿ-ಫೋರ್ಸ್.

ಕನ್ನಡದಲ್ಲಿ ಇದನ್ನು 'ಗುರುತ್ವ ಬಲ' ಅಂತ ಬರೆದುಬಿಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಭೂಮಿಯ ಸೆಳೆತ ಕೋಸ್ಟರಿನ ತುದಿಯಲ್ಲೂ ಅಷ್ಟೇ, ತಗ್ಗಿನಲ್ಲೂ ಅಷ್ಟೇ. ಬದಲಾಗುವುದು ನಮಗೆ ಅನ್ನಿಸುವ ಭಾರ. 'ತೂಕದ ಪಟ್ಟು' ಅಂದಿದ್ದರೆ ಹುಡುಗರಿಗೆ ಒಂದೇ ಸಲಕ್ಕೆ ತಿಳಿಯುತ್ತಿತ್ತು.

ನಮ್ಮ ಲೋಕಲ್ ಸ್ಟೇಷನ್ನುಗಳಲ್ಲಿ ಬಣ್ಣದ ದೀಪ ಮಿನುಗುವ ತೂಕದ ಮಷೀನು ಇರುತ್ತಿತ್ತು, ನೆನಪಿದೆಯಾ? ನಾಣ್ಯ ಹಾಕಿದರೆ ರಟ್ಟಿನ ಟಿಕೆಟ್ಟು, ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಅಂಥ ಮಷೀನನ್ನು ಎತ್ತರದ ಕಟ್ಟಡದ ಲಿಫ್ಟಿನೊಳಗೆ ಇಟ್ಟು ಅದರ ಮೇಲೆ ನಿಂತಿದ್ದೀರಿ ಅಂದುಕೊಳ್ಳಿ. ಲಿಫ್ಟು ಮೇಲಕ್ಕೆ ಹೊರಡುವ ಆ ಗಳಿಗೆ ತೂಕ ಸ್ವಲ್ಪ ಜಾಸ್ತಿ ತೋರಿಸುತ್ತದೆ. ಕೆಳಕ್ಕೆ ಹೊರಡುವಾಗ ಸ್ವಲ್ಪ ಕಡಿಮೆ. ನಡುವೆ ಒಂದೇ ವೇಗದಲ್ಲಿ ಹೋಗುವಾಗ ಸರಿಯಾದ ತೂಕ. ಸುಮ್ನೆ ನಿಂತಾಗಿನ ತೂಕವೇ 1 ಜಿ. ಎರಡು ಪಟ್ಟು ತೋರಿಸಿದರೆ 2 ಜಿ. ಏನೂ ತೋರಿಸದಿದ್ದರೆ ಸೊನ್ನೆ. 60 ಕೆಜಿಯ ಮನುಷ್ಯ 4 ಜಿ ಹೊತ್ತಿನಲ್ಲಿ ಆ ಮಷೀನಿನ ಮೇಲಿದ್ದರೆ ಟಿಕೆಟ್ಟಿನಲ್ಲಿ 240 ಬರುತ್ತದೆ. ಭವಿಷ್ಯದ ಕಡೆ ಏನು ಬರುತ್ತದೋ ದೇವರೇ ಬಲ್ಲ.

ಅಂದರೆ ಮೈಗೆ ತಟ್ಟುವುದು ವೇಗವಲ್ಲ. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರು 100ರಲ್ಲಿ ಓಡುವಾಗ ನಾವು ಆರಾಮಾಗಿ ವಡಾಪಾವ್ ತಿನ್ನುತ್ತೇವೆ. ಅದೇ ಲೋಕಲ್ ರೈಲು 30ರಲ್ಲಿ ಹಳಿ ಬದಲಿಸಿದರೂ ಸಾಕು, ಪಕ್ಕದವರ ಮೇಲೆ ವಾಲುತ್ತೇವೆ. ಮೈಗೆ ಗೊತ್ತಾಗುವುದು ವೇಗ ಅಥವಾ ದಿಕ್ಕು ಬದಲಾಗುವುದು ಮಾತ್ರ. ಕೋಸ್ಟರು ಇಳಿಜಾರಿನಿಂದ ಧುಮುಕಿ ಬರುವಾಗ ನಮ್ಮ ಮೈ ನೇರ ಕೆಳಗೇ ಹೋಗಲು ನೋಡುತ್ತದೆ. ಹಳಿ ಮೇಲಕ್ಕೆ ತಿರುಗುತ್ತದೆ. ಸೀಟು ನಮ್ಮನ್ನು ಬಲವಾಗಿ ಮೇಲಕ್ಕೆ ತಳ್ಳುತ್ತದೆ. ಆಗ ಭಾರ. ದಿಬ್ಬದ ನೆತ್ತಿಯಲ್ಲಿ ಇದು ಉಲ್ಟಾ. ಹಳಿ ಕೆಳಗೆ ಬಾಗುತ್ತದೆ, ಮೈ ಮುಂದಕ್ಕೇ ಹೋಗಲು ನೋಡುತ್ತದೆ. ಕುಂಡೆ ಸೀಟು ಬಿಟ್ಟು ಏಳುತ್ತದೆ, ಹೊಟ್ಟೆಯಲ್ಲಿ ಜುಮ್ಮೆನ್ನುತ್ತದೆ. ಆಗ ನಮ್ಮನ್ನು ಹಿಡಿದಿಡುವುದು ಹೆಗಲ ಮೇಲಿನ ಅಥವಾ ತೊಡೆಯ ಮೇಲಿನ ಸರಳು ಒಂದೇ. ಸೊನ್ನೆಗಿಂತ ಕೆಳಗಿನ ಈ ಸ್ಥಿತಿಗೆ ನೆಗೆಟಿವ್ ಜಿ ಅನ್ನುತ್ತಾರೆ.

ಕೋಸ್ಟರು ತಲೆಕೆಳಗಾಗಿ ಒಂದು ಸುತ್ತು ಹಾಕುವ ಲೂಪನ್ನು ಗಮನಿಸಿ ನೋಡಿದ್ದೀರಾ? ಅದು ಬಳೆಯ ಹಾಗೆ ಗುಂಡಗಿರುವುದಿಲ್ಲ, ತಲೆಕೆಳಗಾದ ನೀರಿನ ಹನಿಯ ಹಾಗೆ ಇರುತ್ತದೆ. ಮೇಲೆ ತಿರುವು ಬಿಗಿ, ಕೆಳಗೆ ಸಡಿಲ. ಇದು ಚೆಂದಕ್ಕೆ ಮಾಡಿದ್ದಲ್ಲ. ಪೂರ್ತಿ ಗುಂಡಗಿನ ಲೂಪಿನಲ್ಲಿ ನೆತ್ತಿಯಲ್ಲಿ ಬೀಳದ ಹಾಗೆ ದಾಟುವಷ್ಟು ವೇಗ ಬೇಕೆಂದರೆ, ತಳದಲ್ಲಿ 6 ಜಿ ತನಕ ಬೀಳುತ್ತದೆ. ಪಿಯುಸಿ ಫಿಸಿಕ್ಸಿನಲ್ಲಿ ನಾವೆಲ್ಲ ಮಾಡಿದ ಲೆಕ್ಕವೇ ಇದು, ಆಗ ಯಾಕೆ ಅಂತ ಯಾರೂ ಹೇಳಲಿಲ್ಲ. ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ 1895ರಲ್ಲಿ ಶುರುವಾದ 'ಫ್ಲಿಪ್ ಫ್ಲ್ಯಾಪ್' ಅಂಥ ಗುಂಡು ಲೂಪು. ಹತ್ತಿದವರು ಕತ್ತು ಹಿಡಿದುಕೊಂಡು ಇಳಿಯುತ್ತಿದ್ದರು, ಅದು ಜಾಸ್ತಿ ವರ್ಷ ಬಾಳಲಿಲ್ಲ. ವೆರ್ನರ್ ಸ್ಟೆಂಗೆಲ್ ಎಂಬ ಜರ್ಮನ್ ಇಂಜಿನಿಯರ್ ಲೆಕ್ಕ ಹಾಕಿದ ಹನಿ ಆಕಾರದ ಲೂಪು 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನಲ್ಲಿ ಬಂತು. ತಿರುವು ಮೆಲ್ಲಗೆ ಶುರುವಾಗಿ ಮೇಲೆ ಹೋದಂತೆ ಬಿಗಿಯಾಗುತ್ತದೆ. ಅದರಿಂದ ತಳದ ಹೊಡೆತ ಕಡಿಮೆ.

ಇನ್ನು ಮೈಯ ಮಾತು. ಹೃದಯದಿಂದ ಮಿದುಳಿಗೆ ಸುಮಾರು ಒಂದು ಗೇಣಿನ ಮೇಲಷ್ಟು ಎತ್ತರ. ರಕ್ತ ಅಷ್ಟು ಏರಬೇಕು. 4 ಜಿ ಆದಾಗ ರಕ್ತವೂ ನಾಲ್ಕು ಪಟ್ಟು ಭಾರ, ಹೃದಯಕ್ಕೆ ಮೇಲಕ್ಕೆ ಒತ್ತುವುದು ಕಷ್ಟ. ರಕ್ತ ಕಾಲಿನ ಕಡೆ ಇಳಿಯುತ್ತದೆ. ಮೊದಲು ಕಣ್ಣು ಸೋಲುತ್ತದೆ: ಬಣ್ಣ ಹೋಗಿ ಬೂದು, ಆಮೇಲೆ ಅಂಚಿನಿಂದ ಕತ್ತಲೆ. ಇನ್ನೂ ಹೊತ್ತಾದರೆ ಎಚ್ಚರ ತಪ್ಪುತ್ತದೆ. ನೆಗೆಟಿವ್ ಜಿಯಲ್ಲಿ ರಕ್ತ ತಲೆಗೇ ನುಗ್ಗುತ್ತದೆ. ಅದನ್ನು ಮೈ ಇನ್ನೂ ಕಡಿಮೆ ತಡೆಯುತ್ತದೆ.

ಹಾಗಾದರೆ ಕೋಸ್ಟರಿನಲ್ಲಿ ಎಲ್ಲರೂ ಯಾಕೆ ಮೂರ್ಛೆ ಹೋಗುವುದಿಲ್ಲ? ಹೊತ್ತು ಕಡಿಮೆ, ಅದಕ್ಕೆ. ಮಿದುಳಿನ ಹತ್ತಿರ ಕೆಲವು ಸೆಕೆಂಡಿಗಾಗುವಷ್ಟು ಆಕ್ಸಿಜನ್ ಉಳಿದಿರುತ್ತದೆ. ದೊಡ್ಡ ಕೋಸ್ಟರುಗಳು 4 ಜಿ ಮುಟ್ಟಿದರೂ ಅದು ಒಂದೆರಡು ಸೆಕೆಂಡು. ಪುಣೆಯ ಲೋಹೆಗಾಂವ್ ಕಡೆ ಮನೆ ಇರುವವರಿಗೆ ಸುಖೋಯ್ ಯುದ್ಧವಿಮಾನದ ಸದ್ದು ಹೊಸದಲ್ಲ. ಅಂಥ ವಿಮಾನದ ಪೈಲಟ್ಟುಗಳು 9 ಜಿ ತನಕ ತಡೆಯಬೇಕಾಗುತ್ತದೆ, ಅದೂ ಸೆಕೆಂಡುಗಟ್ಟಲೆ. ಅವರಿಗೆ ಕಾಲು, ಹೊಟ್ಟೆಯನ್ನು ಬಿಗಿಯುವ ಜಿ-ಸೂಟು ಇದೆ, ಉಸಿರು ಬಿಗಿಹಿಡಿಯುವ ತಾಲೀಮು ಇದೆ. ನಮ್ಮ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಗರಗರ ತಿರುಗಿಸುವ ಯಂತ್ರದಲ್ಲಿ ಕೂರಿಸಿ ಇದನ್ನು ಕಲಿಸುತ್ತಾರೆ. 1954ರಲ್ಲಿ ಅಮೆರಿಕದ ಜಾನ್ ಸ್ಟ್ಯಾಪ್ ರಾಕೆಟ್ ಬಂಡಿಯಲ್ಲಿ ಕೂತು, ಅದು ಗಕ್ಕನೆ ನಿಂತಾಗ 46 ಜಿ ತಿಂದು ಬದುಕಿ ಬಂದರು. ಕಣ್ಣಿನ ರಕ್ತನಾಳ ಒಡೆದವು, ಆದರೂ 89ನೇ ವಯಸ್ಸಿನ ತನಕ ಬಾಳಿದರು. ಹಾಗಾಗಿ 'ಎಷ್ಟು ಜಿ' ಎಂದಷ್ಟೇ ಕೇಳಿದರೆ ಸಾಲದು. ಎಷ್ಟು ಹೊತ್ತು, ಯಾವ ಕಡೆಗೆ, ಎಷ್ಟು ಗಕ್ಕನೆ ಅಂತಲೂ ಕೇಳಬೇಕು.

ಆ 'ಗಕ್ಕನೆ'ಯೇ ಕತ್ತಿಗೆ ಕಷ್ಟ. ತಲೆ ಸುಮಾರು 5 ಕೆಜಿ. 4 ಜಿಯಲ್ಲಿ ಕತ್ತು ಹೊರುವುದು 20 ಕೆಜಿ, ಅದೂ ಅಕ್ಕಪಕ್ಕ ಒದರಾಡುತ್ತಾ. ಬಹಳ ಅಪರೂಪಕ್ಕೆ ಕತ್ತಿನ ರಕ್ತನಾಳದ ಒಳಪದರ ಹರಿದದ್ದು, ತಲೆಬುರುಡೆಯೊಳಗೆ ರಕ್ತ ಸೋರಿದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ರೈಡಿನಿಂದ ಇಳಿದ ಮೇಲೆ, ಅಥವಾ ಒಂದೆರಡು ದಿನ ಬಿಟ್ಟು, ಬಿಡದ ತಲೆನೋವು, ವಾಂತಿ, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋತಂತಾಗುವುದು ಇದ್ದರೆ ಪಿತ್ತ ಅಂತ ನಿಂಬೆ ಶರಬತ್ತು ಕುಡಿಸಿ ಕೂರಬೇಡಿ. ನೇರ ಆಸ್ಪತ್ರೆಗೆ ಹೋಗಿ, ರೈಡು ಹತ್ತಿದ್ದೆವು ಅಂತ ಡಾಕ್ಟರಿಗೆ ಹೇಳಿ.

ಹೃದಯಕ್ಕೆ ಹೆದರಿಕೆಯೂ ಒಂದು ಹೊರೆ. ಜರ್ಮನಿಯಲ್ಲಿ 55 ಜನಕ್ಕೆ ಇಸಿಜಿ ತಂತಿ ಕಟ್ಟಿ ಕೋಸ್ಟರ್ ಹತ್ತಿಸಿದರು. ಸರಾಸರಿ ಎದೆಬಡಿತ 91ರಿಂದ 153ಕ್ಕೆ ಏರಿತು. ಗಟ್ಟಿ ಹೃದಯಕ್ಕೆ ಇದು ಮೆಟ್ಟಿಲು ಹತ್ತಿ ಓಡಿದ ಹಾಗೆ. ಬಿಪಿ ಹತೋಟಿಯಲ್ಲಿಲ್ಲದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಹಾಗಲ್ಲ. ಬಸುರಿಯರು, ಬೆನ್ನು–ಕತ್ತಿನ ತೊಂದರೆ ಇರುವವರು, ಈಚೆಗೆ ಆಪರೇಷನ್ ಆದವರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಕೂಡ ದೂರವೇ ಇರಬೇಕು. ಕಿಡ್ನಿ ಕಲ್ಲಿದ್ದವರದು ಮಾತ್ರ ತಮಾಷೆ. 2016ರಲ್ಲಿ ಅಮೆರಿಕದ ಡಾಕ್ಟರೊಬ್ಬರು ಸಿಲಿಕೋನಿನ ಕಿಡ್ನಿಯಲ್ಲಿ ಕಲ್ಲಿಟ್ಟು ಒಂದು ಕೋಸ್ಟರಿನಲ್ಲಿ ಸುತ್ತಿಸಿದರು. ಹಿಂದಿನ ಸೀಟಿನಲ್ಲಿ ಶೇ. 64ರಷ್ಟು ಕಲ್ಲು ಜಾರಿದವು, ಮುಂದಿನ ಸೀಟಿನಲ್ಲಿ ಶೇ. 17. ಇದಕ್ಕೆ, ನಗು ತರಿಸುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ ಕೂಡ ಬಂತು. ಚಿಕಿತ್ಸೆ ಅಂತ ಯಾರೂ ಹೊರಡಬೇಡಿ.

ಗೇಟಿನ ಬಳಿ ಎತ್ತರ ಅಳೆಯುವ ಗೆರೆಯೂ ಇದೇ ಲೆಕ್ಕಕ್ಕೆ ಸೇರಿದ್ದು. ಅದು ವಯಸ್ಸಿಗಲ್ಲ, ಸರಳಿಗೆ. ಮೈ ಸಣ್ಣದಿದ್ದರೆ ಸರಳು ಕೂರಬೇಕಾದ ಜಾಗದಲ್ಲಿ ಕೂರುವುದಿಲ್ಲ, ನೆಗೆಟಿವ್ ಜಿ ಬಂದಾಗ ಮಗು ಜಾರುತ್ತದೆ. ಮಗುವಿನ ಬೂಟಿನೊಳಗೆ ಕಾಗದ ತುರುಕಿ ಎತ್ತರ ಮಾಡುವ ಅಪ್ಪಂದಿರನ್ನು ನಾನೇ ನೋಡಿದ್ದೇನೆ.

ಭಾವನಿಗೆ ದಿನಾ ಎರಡು ಬಿಪಿ ಮಾತ್ರೆ. ಆದರೂ ಕ್ಯೂನಲ್ಲಿ ಬಂದು ನಿಂತಿದ್ದರು. ಬೋರ್ಡು ಓದಿದ ಅಕ್ಕ ಒಂದೇ ಮಾತು ಹೇಳಿದಳು: "ನೀವು ಬ್ಯಾಗ್ ನೋಡ್ಕೋರಿ." ಅವರು ಎಲ್ಲರ ಚಪ್ಪಲಿ, ಮೊಬೈಲು ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕೂತು ಐಸ್‌ಕ್ರೀಮ್ ತಿಂದರು.

ವಾಪಸ್ ಬರುವಾಗ ಲೋಕಲ್‌ನಲ್ಲಿ ಅಳಿಯನಿಗೆ ಈ ಪಟ್ಟಿನ ಲೆಕ್ಕವೆಲ್ಲ ಹೇಳಿಕೊಟ್ಟೆ. ಹುಡುಗ ಜಾಣ. ಬೆರಳು ಮಡಚಿ ಎಣಿಸಿ, ಇಡೀ ಡಬ್ಬಿಗೆ ಕೇಳುವ ಹಾಗೆ ಕೂಗಿದ: "ಮಾಮಾ, ನೀ ಎಂಬತ್ತೆರಡು ಕೆಜಿ ಅಲ್ಲಾ? ಅಂದ್ರ ನಾಲ್ಕು ಜಿಗೆ ಮುನ್ನೂರಾ ಇಪ್ಪತ್ತೆಂಟು!"