ಟರ್ಬಿನೇಟ್: ಬೆಳೆದದ್ದೋ, ಬಾತದ್ದೋ, ಟೊಳ್ಳೋ?

ಕಳೆದ ತಿಂಗಳು ಡೊಂಬಿವಲಿಯಲ್ಲಿ ನೆಂಟರ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿದ್ದಾಗ, ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಬಿಜಾಪುರದ ಕಡೆಯ ಹಿರಿಯರೊಬ್ಬರು ತಮ್ಮ ಮಗನ ಸಿಟಿ ಸ್ಕ್ಯಾನ್ ವರದಿಯನ್ನು ಮೊಬೈಲಿನಲ್ಲಿ ತೋರಿಸಿ, “ನೋಡ್ರಿ, ಮೂಗಿನೊಳಗ ಎಲುಬು ಬೆಳದೈತಂತ” ಎಂದರು. ವರದಿಯಲ್ಲಿದ್ದದ್ದು ಎರಡೇ ಸಾಲು: ಎಡಗಡೆ ಕೋಂಕಾ ಬುಲೋಸಾ ಇದೆ, ಸೈನಸ್‌ಗಳು ಸ್ವಚ್ಛವಾಗಿವೆ. (ಟರ್ಬಿನೇಟ್ ಎಂದರೆ ಮೂಗಿನೊಳಗೆ ಚಾಚಿಕೊಂಡಿರುವ ಸುರುಳಿ ಎಲುಬು, ಅದು ಒಳಗೆ ಗಾಳಿ ಸೇರಿ ಟೊಳ್ಳಾಗಿದ್ದರೆ ಕೋಂಕಾ ಬುಲೋಸಾ. ಸೈನಸ್ ಎಂದರೆ ಮೂಗಿನ ಸುತ್ತಲಿನ ಎಲುಬುಗಳಲ್ಲಿ ಎಲ್ಲರಿಗೂ ಇರುವ ಗಾಳಿಯ ಪೊಳ್ಳು.) ಘಾಟ್‌ಕೋಪರಿನ ಸ್ಕ್ಯಾನ್ ಕೇಂದ್ರವೊಂದರಲ್ಲಿ 16 ವರ್ಷಗಳಿಂದ ಇಂಥ ವರದಿಗಳನ್ನು ಟೈಪ್ ಮಾಡುತ್ತ ಬಂದಿರುವ ನನಗೆ ಈ ‘ಬೆಳದೈತಿ’ ಹೊಸದಲ್ಲ. ಆದರೆ ಹೋಳಿಗೆ ಬಡಿಸುವ ಹೊತ್ತಿನಲ್ಲೂ ಅದು ಎಲೆಯ ಮುಂದೆ ಬಂದು ಕೂತದ್ದರಿಂದ ಈ ಬಾರಿ ಬರೆದೇ ಬಿಡುವುದು ಒಳ್ಳೆಯದೆನಿಸಿತು.

ಮುಂಬಯಿ ಕನ್ನಡಿಗರ ಬಾಯಲ್ಲಿ ಈ ಮಾತು ಗಟ್ಟಿಯಾಗಿ ಕೂರಲು ಮರಾಠಿಯ ‘ನಾಕಾಚಂ ಹಾಡ್ ವಾಢಲಂಯ್’ ಎಂಬ ಮಾತಿನ ಒತ್ತಾಸೆಯೂ ಇದೆ. (ಹಾಡ್ ಎಂದರೆ ಎಲುಬು. ಊರಿನಿಂದ ಹೊಸದಾಗಿ ಬಂದಿದ್ದ ನಮ್ಮ ಅತ್ತೆಯವರು ಮೂಗಿನಲ್ಲಿ ಹಾಡು ಬೆಳೆಯುವುದೆಂದರೇನು ಎಂದು ಕೇಳಿದ್ದುಂಟು.) ಈ ಒಂದೇ ವಾಕ್ಯದಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳನ್ನು ತುಂಬಿ ಕಳಿಸಲಾಗುತ್ತದೆ: ಮೂಗಿನ ನಡುಗೋಡೆ ಡೊಂಕಾಗಿರುವುದು, ಕೆಳಗಿನ ಟರ್ಬಿನೇಟ್ ಬಾತಿರುವುದು, ನಡುವಿನ ಟರ್ಬಿನೇಟ್ ಟೊಳ್ಳಾಗಿರುವುದು, ಮತ್ತು ಪಾಲಿಪ್ (ದುರ್ಮಾಂಸ) ಬೆಳೆದಿರುವುದು. ಡೊಂಕಾಗು, ಬಾತುಕೊಳ್ಳು, ಟೊಳ್ಳಾಗು, ಬೆಳೆ ಎಂದು ನಾಲ್ಕಕ್ಕೂ ಪ್ರತ್ಯೇಕ ಕ್ರಿಯಾಪದಗಳು ಕನ್ನಡದಲ್ಲಿ ಕೈಗೆಟುಕುವಂತೆ ಇರುವಾಗ ಒಂದನ್ನೇ ಎಲ್ಲದಕ್ಕೂ ಬಳಸುವ ಜಿಪುಣತನ ಏಕೆಂದು ತಿಳಿಯದು.

ಮೊದಲು ಹೆಸರಿನ ವಿಚಾರ. ಟರ್ಬಿನೇಟ್ ಎಂಬುದು ಲ್ಯಾಟಿನ್ನಿನ ‘ಟರ್ಬೋ’ದಿಂದ ಬಂದದ್ದು, ಅದಕ್ಕೆ ಬುಗುರಿ ಎಂದೂ ಸುಳಿ ಎಂದೂ ಅರ್ಥ. ವಿದ್ಯುತ್ ಸ್ಥಾವರದ ಟರ್ಬೈನ್ ಕೂಡ ಇದೇ ಮನೆಯದು. ಇದನ್ನು ಹಿಡಿದುಕೊಂಡು, ಉಸಿರಿನ ಗಾಳಿಯನ್ನು ಗಿರ್ರನೆ ತಿರುಗಿಸುವುದರಿಂದ ಟರ್ಬಿನೇಟ್ ಎಂಬ ಹೆಸರು ಬಂತು ಎಂದು ವಿವರಿಸುವವರಿದ್ದಾರೆ, ಅದು ತಪ್ಪು. ಹೆಸರು ಬಂದದ್ದು ಮಾಡುವ ಕೆಲಸದಿಂದಲ್ಲ, ಬುಗುರಿಯಂತೆ ಸುತ್ತಿಕೊಂಡ ಆಕಾರದಿಂದ. ಇದರ ಇನ್ನೊಂದು ಹೆಸರಾದ ‘ಕೋಂಕಾ’ಕ್ಕೆ ಚಿಪ್ಪು ಎಂದರ್ಥ; ಅದು ಗ್ರೀಕಿನಿಂದ ಲ್ಯಾಟಿನ್ನಿಗೆ ಬಂದ ಮಾತು, ಮತ್ತು ನಮ್ಮ ‘ಶಂಖ’ ಅದರ ದಾಯಾದಿ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹಾಗಿದ್ದರೆ ಕನ್ನಡದಲ್ಲಿ ‘ಮೂಗಿನ ಶಂಖ’ ಎಂದುಬಿಡೋಣವೇ ಎಂದರೆ ಅಲ್ಲೊಂದು ತೊಡಕಿದೆ: ಆಯುರ್ವೇದದಲ್ಲಿ ಶಂಖವೆಂದರೆ ಕಣತಲೆ, ಶಂಖಾಸ್ಥಿ ಎಂದರೆ ಕಣತಲೆಯ ಎಲುಬು. ಮೂಗಿನೊಳಗಿರುವುದನ್ನು ಶಂಖವೆಂದರೆ ರೋಗಿ ಕೈಯನ್ನು ಕಿವಿಯ ಪಕ್ಕಕ್ಕೆ ಒಯ್ದಾನು. ಆದ್ದರಿಂದ ಟರ್ಬಿನೇಟ್ ಎಂದೇ ಬರೆಯುವುದು ಕ್ಷೇಮ. ‘ಬುಲೋಸಾ’ದ ಮೂಲ ‘ಬುಲ್ಲಾ’, ಅಂದರೆ ಗುಳ್ಳೆ. ಇಂಗ್ಲಿಷ್ ಅಕ್ಷರಗಳನ್ನು ನೋಡಿ ‘ಕೊಂಚಾ ಬುಲೋಸಾ’ ಎಂದು ಓದುವವರೇ ಹೆಚ್ಚು, “ಕೊಂಚವೇ ತಾನೇ ಇರೋದು, ಆಪರೇಷನ್ ಯಾಕೆ?” ಎಂದು ನಮ್ಮ ಕೌಂಟರಿನಲ್ಲಿ ಮಂಗಳೂರಿನ ಕಡೆಯ ತಾಯಿಯೊಬ್ಬರು ಕೇಳಿದ್ದರು. ಉಚ್ಚಾರ ತಪ್ಪಾಗಿತ್ತು, ಪ್ರಶ್ನೆ ಮಾತ್ರ ಸರಿಯಾಗಿತ್ತು.

ಸೈನಸ್ ಎಂಬ ಪದದ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಸಂಸ್ಕೃತ ಗಣಿತದ ‘ಜೀವಾ’ ಅರಬ್ಬಿಗೆ ಹೋಗಿ, ಅಲ್ಲಿ ಉಡುಪಿನ ಮಡಿಲು ಎಂಬ ಅರ್ಥದ ‘ಜೈಬ್’ ಎಂದು ಓದಲ್ಪಟ್ಟು, ಲ್ಯಾಟಿನ್ನಿಗೆ ‘ಸೈನಸ್’ ಎಂದು ಅನುವಾದಗೊಂಡಿತು. ತ್ರಿಕೋನಮಿತಿಯ ‘ಸೈನ್’ ಹುಟ್ಟಿದ್ದು ಹೀಗೆ. ಮೂಗಿನ ಸೈನಸ್ಸೂ ಅದೇ ಲ್ಯಾಟಿನ್ ಪದ, ಮತ್ತು ನಮ್ಮ ಅಂಗಿಯ ಜೇಬು ಅದೇ ಅರಬ್ಬಿ ಜೈಬ್. ಹೀಗಾಗಿ ‘ನನಗೆ ಸೈನಸ್ ಇದೆ’ ಎನ್ನುವುದು ‘ನನ್ನ ಅಂಗಿಗೆ ಜೇಬಿದೆ’ ಎಂದಷ್ಟೇ ಆಯಿತು. ಅದರ ಮೇಲೆ ಇನ್ನು ಸಿಟ್ಟಾಗುವುದನ್ನು ನಾನು ಬಿಟ್ಟಿದ್ದೇನೆ.

ಮೂಗಿನ ಎರಡೂ ಪಕ್ಕದ ಗೋಡೆಗಳಿಂದ ಮೂರು ಮೂರು ಟರ್ಬಿನೇಟುಗಳು ಒಳಕ್ಕೆ ಚಾಚಿಕೊಂಡಿರುತ್ತವೆ. ಕೆಳಗಿನದು ಸ್ವತಂತ್ರವಾದ ಎಲುಬು. ನಡುವಿನದೂ ಮೇಲಿನದೂ ಎಥ್ಮಾಯ್ಡ್ ಎಂಬ ಎಲುಬಿನ ಭಾಗಗಳು. ಸ್ಕ್ಯಾನಿನಲ್ಲಿ ಗಾಳಿ ಕಪ್ಪು, ಎಲುಬು ಬಿಳಿ, ಲೋಳ್ಪೊರೆ ಬೂದು. ಸಾಮಾನ್ಯವಾದ ನಡುವಿನ ಟರ್ಬಿನೇಟ್ ಬೂದು ಹೊದಿಕೆಯೊಳಗಿನ ತೆಳ್ಳನೆಯ ಬಿಳಿ ಗೆರೆಯಾಗಿ ಕಾಣುತ್ತದೆ. ಕೋಂಕಾ ಬುಲೋಸಾದಲ್ಲಿ ಆ ಗೆರೆ ಎರಡಾಗಿ ಸೀಳಿ, ನಡುವೆ ಕಪ್ಪನೆಯ ಟೊಳ್ಳನ್ನು ಸುತ್ತುವರಿದ ಬಿಳಿಯ ಉಂಗುರವಾಗಿರುತ್ತದೆ. ಬಾಣಲೆಯಲ್ಲಿ ಪೂರಿ ಉಬ್ಬುವುದನ್ನು ನೆನೆದರೆ ಸಾಕು: ಉಬ್ಬಿದ ಪೂರಿಯಲ್ಲಿ ಹಿಟ್ಟು ಹೆಚ್ಚಾಗಿರುವುದಿಲ್ಲ, ಒಳಗೆ ಗಾಳಿ ಸೇರಿರುತ್ತದೆ. ಅದನ್ನು ನೋಡಿ ‘ಎಲುಬು ಬೆಳೆದಿದೆ’ ಎನ್ನುವುದು ಪೂರಿಯನ್ನು ನೋಡಿ ‘ಹಿಟ್ಟು ಬೆಳೆದಿದೆ’ ಎಂದಂತೆ. ಈ ಟೊಳ್ಳು ಮೇಲಿನ ತೆಳು ಹಲಗೆಯಲ್ಲಿ ಮಾತ್ರ ಇದೆಯೇ, ಕೆಳಗಿನ ಗುಂಡು ಭಾಗದಲ್ಲಿ ಮಾತ್ರವೇ, ಅಥವಾ ಎರಡರಲ್ಲೂ ಇದೆಯೇ ಎಂಬುದನ್ನು ನೋಡಿ ಮೂರು ಬಗೆಯಾಗಿ ವಿಂಗಡಿಸುವ ಪದ್ಧತಿಯನ್ನು ಅಮೆರಿಕದ ವೈದ್ಯ ಬೋಲ್ಜರ್ ಮತ್ತು ಸಂಗಡಿಗರು 1991ರಲ್ಲಿ ಮುಂದಿಟ್ಟರು. ಮೂರನ್ನೂ ಲೆಕ್ಕಕ್ಕೆ ಹಿಡಿದಾಗ ಅವರು ನೋಡಿದ ಸ್ಕ್ಯಾನುಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಇದು ಕಂಡಿತು. ಅರ್ಧದಷ್ಟು ಜನರಲ್ಲಿ ಕಾಣುವುದನ್ನು ರೋಗವೆಂದರೆ ಆರೋಗ್ಯವಂತರನ್ನು ಹುಡುಕುವುದು ಕಷ್ಟವಾದೀತು.

ಇನ್ನೊಂದು ರೂಪಭೇದದಲ್ಲಿ ನಡುವಿನ ಟರ್ಬಿನೇಟಿನ ಉಬ್ಬು ನಡುಗೋಡೆಯ ಕಡೆಗೆ ಇರುವ ಬದಲು ಹೊರಗಡೆಗೆ, ಸೈನಸ್ಸುಗಳ ಬಾಯಿಯ ಕಡೆಗೆ ತಿರುಗಿರುತ್ತದೆ. ಇದಕ್ಕೆ ಪ್ಯಾರಡಾಕ್ಸಿಕಲ್ ಎಂಬ ಭಯಂಕರ ವಿಶೇಷಣ ಅಂಟಿಕೊಂಡಿದೆ. ಬಾಗು ತಿರುವುಮುರುವು ಎನ್ನುವುದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿಲ್ಲ.

ಹಾಗಾದರೆ ಸೈನಸ್ ರೋಗಕ್ಕೂ ಇವುಗಳಿಗೂ ಸಂಬಂಧವೇ ಇಲ್ಲವೇ? ಇದೆ, ಆದರೆ ಅದು ಜಾಗದ ಸಂಬಂಧ. ನಡುವಿನ ಟರ್ಬಿನೇಟಿನ ಅಡಿಯ ಇಕ್ಕಟ್ಟಾದ ಓಣಿಗೆ ಕೆನ್ನೆಯ ಸೈನಸ್, ಹಣೆಯ ಸೈನಸ್ ಮತ್ತು ಎಥ್ಮಾಯ್ಡಿನ ಮುಂಭಾಗದ ಕೋಶಗಳು, ಈ ಮೂರೂ ಬಂದು ತೆರೆದುಕೊಳ್ಳುತ್ತವೆ. ಕೆನ್ನೆಯ ಸೈನಸ್ಸಿನ ಬಾಯಿಯಂತೂ ತಳದಲ್ಲಿಲ್ಲ, ಮೇಲ್ಗಡೆ ಇದೆ. ಚಾಳಿನ ಮೋರಿಯ ಕಂಡಿಯನ್ನು ನೆಲದಲ್ಲಿ ಕೊರೆಯದೆ ಛಾವಣಿಯ ಹತ್ತಿರ ಕೊರೆದಂತೆ. ಆದರೂ ಅದು ಖಾಲಿಯಾಗುತ್ತಿರುವುದು ಒಳಪೊರೆಯ ಸೂಕ್ಷ್ಮ ರೋಮಗಳು ಲೋಳೆಯನ್ನು ಸದಾ ಆ ಬಾಯಿಯ ಕಡೆಗೇ ಏರಿಸುತ್ತಿರುವುದರಿಂದ. ಬೇರೆ ಕಡೆ ಹೊಸ ತೂತು ಕೊರೆದರೂ ಲೋಳೆ ಹಳೆಯ ಬಾಯಿಯತ್ತಲೇ ಸಾಗುತ್ತದೆ. ಆಸ್ಟ್ರಿಯಾದ ಗ್ರಾಜ್ ನಗರದ ವೈದ್ಯ ಮೆಸ್ಸರ್‌ಕ್ಲಿಂಗರ್ ಈ ಹಾದಿಗಳನ್ನು ಗುರುತಿಸಿ ತೋರಿಸಿದ ಮೇಲೆಯೇ ಎಂಡೋಸ್ಕೋಪ್ ಮೂಲಕ ಆ ಓಣಿಯನ್ನಷ್ಟೇ ಬಿಡಿಸುವ ಈಗಿನ ಶಸ್ತ್ರಚಿಕಿತ್ಸೆ ರೂಪುಗೊಂಡಿತು.

ಆ ಓಣಿಯಲ್ಲಿ ದೊಡ್ಡದೊಂದು ಕೋಂಕಾ ಬುಲೋಸಾ ಕುಳಿತರೆ, ಅಥವಾ ಟರ್ಬಿನೇಟಿನ ಬಾಗು ಅತ್ತಲೇ ಒತ್ತಿಕೊಂಡರೆ, ನೆಗಡಿಯಾದಾಗ ಹಾದಿ ಬೇಗ ಮುಚ್ಚಬಹುದು. ಆದರೆ ಬೋಲ್ಜರ್ ಅವರ ತಂಡ ಅದೇ ಅಧ್ಯಯನದಲ್ಲಿ, ಸೈನಸ್ ತೊಂದರೆ ಇದ್ದವರಲ್ಲೂ ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿಕೊಂಡವರಲ್ಲೂ ಕೋಂಕಾ ಬುಲೋಸಾ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರುವುದನ್ನು ಕಂಡಿತು. ಆದ್ದರಿಂದ ವರದಿಯಲ್ಲಿ ಆ ಪದವಿದೆಯೇ ಎಂಬುದಕ್ಕಿಂತ, ಅದು ಎಷ್ಟು ದೊಡ್ಡದಿದೆ, ಅದರ ಪಕ್ಕದ ಓಣಿಯಲ್ಲಿ ಪೊರೆ ದಪ್ಪವಾಗಿದೆಯೇ, ಮೂಗು ಕಟ್ಟುವುದು, ಲೋಳೆ ಸುರಿಯುವುದು, ಮುಖದ ಒತ್ತಡ, ವಾಸನೆ ತಿಳಿಯದಿರುವುದು ಮುಂತಾದವು 12 ವಾರ ದಾಟಿವೆಯೇ ಎಂಬುದು ಮುಖ್ಯ. ಅಪರೂಪಕ್ಕೆ ಟೊಳ್ಳಿನ ಸ್ವಂತ ಬಾಯಿಯೇ ಮುಚ್ಚಿ ಒಳಗೆ ಲೋಳೆಯೋ ಕೀವೋ ತುಂಬಿಕೊಳ್ಳುವುದುಂಟು. ಆಗ ಅದು ನಿಜವಾಗಿ ರೋಗ.

ಕೆಳಗಿನ ಟರ್ಬಿನೇಟಿನ ಸಂಗತಿಯೇ ಬೇರೆ. ಕನ್ನಡಿಯ ಮುಂದೆ ನಿಂತು ಮೊಬೈಲ್ ಟಾರ್ಚನ್ನು ಹೊಳ್ಳೆಗೆ ಹಿಡಿದು “ಗುಲಾಬಿ ಗಡ್ಡೆ” ಕಂಡಿತೆಂದು ಹೆದರುವವರು ನೋಡಿರುವುದು ಬಹುಮಟ್ಟಿಗೆ ಇದರ ಮುಂತುದಿಯನ್ನೇ. ಇದು ರಕ್ತನಾಳಗಳು ತುಂಬಿದ ಅಂಗಾಂಶ. ಗಾಳಿಯನ್ನು ಬೆಚ್ಚಗೆ, ತೇವವಾಗಿ ಮಾಡುವುದು ಇದರ ಕೆಲಸ. ಕೆಲವು ಗಂಟೆಗಳಿಗೊಮ್ಮೆ ಒಂದು ಪಕ್ಕ ಬಾತು ಇನ್ನೊಂದು ಇಳಿಯುತ್ತದೆ. ಇದನ್ನು ಜರ್ಮನಿಯ ವೈದ್ಯ ಕೈಸರ್ 1895ರಲ್ಲಿ ವಿವರಿಸಿದರು, ಸೂರ್ಯನಾಡಿ ಚಂದ್ರನಾಡಿ ಎಂದು ಹೊಳ್ಳೆಗಳನ್ನು ಗಮನಿಸುತ್ತಿದ್ದ ನಮ್ಮ ಯೋಗಿಗಳಿಗೂ ಇದು ತಿಳಿದೇ ಇತ್ತು. ಅಲರ್ಜಿಯಲ್ಲಿ ಈ ಬಾವು ಇಳಿಯದೆ ಉಳಿಯುತ್ತದೆ. ಮೂಗು ತೆರೆಯುವ ಹನಿಮದ್ದನ್ನು ವಾರಗಟ್ಟಲೆ ಹಾಕಿಕೊಂಡರೂ ಅಷ್ಟೇ: ಮದ್ದಿನ ಪರಿಣಾಮ ಇಳಿದೊಡನೆ ಬಾವು ಮರಳಿ ಬರುತ್ತದೆ. ‘ಬಾತಿದೆ’ ಎಂದರೆ ಇಳಿಯಬಹುದು ಎಂಬ ಆಸೆ ಆ ಮಾತಿನಲ್ಲೇ ಇದೆ. ‘ಬೆಳೆದಿದೆ’ ಎಂದೊಡನೆ ಕೇಳುವವರು ಕತ್ತರಿಸುವ ಮಾತಿಗೆ ಬಂದುಬಿಡುತ್ತಾರೆ. ಇಡೀ ಟರ್ಬಿನೇಟನ್ನು ಕತ್ತರಿಸಿ ಹಾಕಿದರೆ ಮೂಗು ಅಗಲವಾಗಿ ತೆರೆದಿದ್ದರೂ ಉಸಿರು ಕಟ್ಟಿದಂತೆಯೇ ಅನಿಸುವ, ಒಳಗೆಲ್ಲ ಒಣಗುವ ಸ್ಥಿತಿ ಕೆಲವರಿಗೆ ಬರುತ್ತದೆ. ನ್ಯಾಯವಾಗಿ ಒಂದು ಮಾತನ್ನು ಒಪ್ಪಬೇಕು: ನಡುಗೋಡೆ ಒಂದು ಕಡೆಗೆ ಬಹಳ ಡೊಂಕಾಗಿದ್ದಾಗ ಖಾಲಿ ಉಳಿದ ಪಕ್ಕದ ಕೆಳ ಟರ್ಬಿನೇಟಿನಲ್ಲಿ ಎಲುಬೂ ದಪ್ಪವಾಗುವುದುಂಟು. ಅಲ್ಲಿ ಮಾತ್ರ ಆ ಮರಾಠಿ ಮಾತು ಅರ್ಧ ಸತ್ಯ.

ಇನ್ನುಳಿದದ್ದು ಪಾಲಿಪ್, ‘ದುರ್ಮಾಂಸ’ ಎಂದು ಕರೆಯುವುದು. ‘ಬೆಳೆ’ ಎಂಬ ಕ್ರಿಯಾಪದಕ್ಕೆ ನಿಜವಾದ ಹಕ್ಕಿರುವುದು ಇದಕ್ಕೆ. ಆದರೆ ಇದು ಎಲುಬಲ್ಲ, ಊದಿದ ಲೋಳ್ಪೊರೆ. ಸುಲಿದ ದ್ರಾಕ್ಷಿಯಂತೆ ಬಿಳಚಿಕೊಂಡಿರುತ್ತದೆ. ವೈದ್ಯರು ಸಲಾಕೆಯಿಂದ ಮುಟ್ಟಿದರೆ ಅತ್ತಿತ್ತ ಸರಿಯುತ್ತದೆ, ರೋಗಿಗೆ ಗೊತ್ತೇ ಆಗುವುದಿಲ್ಲ. ಟರ್ಬಿನೇಟನ್ನು ಮುಟ್ಟಿದರೆ ಕುರ್ಚಿಯಿಂದ ಎದ್ದೇಳುತ್ತಾನೆ. ಪಾಲಿಪ್‌ಗಳು ಸಾಮಾನ್ಯವಾಗಿ ಎರಡೂ ಪಕ್ಕದಲ್ಲಿರುತ್ತವೆ. ಒಂದೇ ಪಕ್ಕದಲ್ಲಿ ಬೆಳೆದದ್ದನ್ನು, ಅದರಲ್ಲೂ ರಕ್ತ ಬರುತ್ತಿದ್ದರೆ, ತಡಮಾಡದೆ ತೋರಿಸಬೇಕು. ‘ಬೆಳೆದಿದೆ’ ಎಂಬ ಮಾತು ಹೆದರಿಸಬೇಕಾದದ್ದು ಅಲ್ಲಿ, ಡೊಂಬಿವಲಿಯ ಆ ಹುಡುಗನ ಉಬ್ಬಿದ ಪೂರಿಯ ಮುಂದಲ್ಲ.