ಅಜ್ಜನ ಬೇಸಾಯಕ್ಕೆ ಸಂಶೋಧನೆ ಯಾಕೆ ಬೇಕು?

ಓದುಗರ ಪ್ರಶ್ನೆ: ಪರಿಸರಸ್ನೇಹಿ ಕೃಷಿ ಅಂದ್ರೆ ಗೊಬ್ಬರ, ಔಷಧಿ ಬಿಟ್ಟು ಹಿಂದಿನವರು ಮಾಡ್ತಿದ್ದ ಹಾಗೆ ಮಾಡೋದು ತಾನೇ? ಅದಕ್ಕೆ ಸಂಶೋಧನೆ ಅಂತ ದುಡ್ಡು ಯಾಕೆ ಸುರಿಯಬೇಕು?

ಈ ಪ್ರಶ್ನೆ ಮತ್ತೆ ಬಂದಿದೆ. ಕೇಳುವವರು ಬದಲಾಗುತ್ತಾರೆ, ಮಾತು ಸ್ವಲ್ಪ ಆಚೀಚೆ ಆಗುತ್ತದೆ, ಒಳಗಿರುವ ನಂಬಿಕೆ ಮಾತ್ರ ಅದೇ. ಚಿಕ್ಕ ಉತ್ತರ ಮೊದಲು ಹೇಳಿಬಿಡುತ್ತೇನೆ: ಅಲ್ಲ, ಅದು ಹಿಂದಕ್ಕೆ ಹೋಗುವುದಲ್ಲ. ಅದಕ್ಕೇ ದುಡ್ಡು ಬೇಕು. ಇಷ್ಟಕ್ಕೇ ಸಮಾಧಾನವಾದವರು ಎದ್ದು ಹೋಗಬಹುದು. ಉಳಿದವರು ಕೂತುಕೊಳ್ಳಿ. ಇವತ್ತು ಉದ್ದವಾಗಿಯೇ ಹೇಳುತ್ತೇನೆ, ಮುಂದಿನ ಸಲ ಯಾರಾದರೂ ಕೇಳಿದರೆ ಇದನ್ನೇ ಕೈಗೆ ಕೊಡಬಹುದು.

ಅಜ್ಜನ ಕಥೆಯನ್ನು ಮೊದಲು ಮುಗಿಸೋಣ. ಯೂರಿಯಾ ಚೀಲ ಬರುವ ಮುಂಚೆಯೂ ಜನ ಬೆಳೆದು ಉಂಡಿದ್ದಾರೆ. ಯಾರೂ ಇಲ್ಲ ಅನ್ನುವುದಿಲ್ಲ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಅಮೋನಿಯಾ ಮಾಡಿ ಗೊಬ್ಬರಕ್ಕೆ ತರುವ ಮೊದಲ ದೊಡ್ಡ ಕಾರ್ಖಾನೆ ಜರ್ಮನಿಯಲ್ಲಿ ಶುರುವಾಗಿದ್ದು 1913ರಲ್ಲಿ. ಅದಕ್ಕೂ ಮುಂಚೆ ಸಾವಿರಾರು ವರ್ಷ ಬೇಸಾಯ ನಡೆದಿದೆ. ಆದರೆ 1900ರಲ್ಲಿ ಭೂಮಿಯ ಮೇಲೆ ಇದ್ದವರು ಸುಮಾರು 160 ಕೋಟಿ. 2022ರ ಕೊನೆಗೆ 800 ಕೋಟಿ. ಆಗ ಹೊಲ ಸುಸ್ತಾದರೆ ಒಂದೆರಡು ವರ್ಷ ಬೀಳು ಬಿಡಬಹುದಿತ್ತು. ಈಗ ಬಿಡಿ ನೋಡೋಣ! ಹುಳ ಬಿದ್ದು ಬೆಳೆ ಹೋದ ವರ್ಷ ಏನು ಮಾಡುತ್ತಿದ್ದರು? ಹಸಿದುಕೊಂಡು ಇರುತ್ತಿದ್ದರು. ಅಜ್ಜನ ಬೇಸಾಯವನ್ನು ಹೊಗಳುವವರು ಅಜ್ಜ ಕಂಡ ಬರಗಾಲದ ಮಾತು ಎತ್ತುವುದೇ ಇಲ್ಲ.

ಇನ್ನೊಂದು ವಿಷಯ. ಇವತ್ತು ಹೊಲದಲ್ಲಿರುವ ಎಷ್ಟೋ ಬೆಳೆ, ಹುಳ, ಕಳೆ ಆಯಾ ಊರಿನ ಅಜ್ಜಂದಿರಿಗೆ ಪರಿಚಯವೇ ಇಲ್ಲದವು. ಪೂರ್ವ ಆಫ್ರಿಕಾವನ್ನೇ ತಗೊಳ್ಳಿ. ಅಲ್ಲಿ ಮುಸುಕಿನ ಜೋಳ ಮುಖ್ಯ ಬೆಳೆ. ಅದರ ತವರು ಮೆಕ್ಸಿಕೊ. ಅದರ ಕಾಂಡ ಕೊರೆಯುವ ಹುಳಗಳಲ್ಲಿ ಒಂದು ಏಷ್ಯಾದಿಂದ ಬಂದದ್ದು. ಬೇರಿಗೆ ಅಂಟಿಕೊಂಡು ರಸ ಹೀರುವ ಸ್ಟ್ರೈಗಾ ಎಂಬ ಕಳೆ ಮಾತ್ರ ಅಲ್ಲಿಯದೇ. ಈ ಮೂರೂ ಒಂದೇ ಹೊಲದಲ್ಲಿ ಸೇರಿದ ಮೇಲೆ ಯಾವ ಅಜ್ಜನನ್ನು ಹೋಗಿ ಕೇಳುತ್ತೀರಿ?

ಕೇಳಿದ್ದು ಗಿಡಗಳನ್ನು. 1990ರ ದಶಕದಲ್ಲಿ ಕೀನ್ಯಾದ ಇಸಿಪೆ ಕೀಟ ವಿಜ್ಞಾನ ಕೇಂದ್ರದವರು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದವರ ಜೊತೆ ಸೇರಿ ನೂರಾರು ಗಿಡಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದರು. ಯಾವುದರ ವಾಸನೆಗೆ ಆ ಕಾಂಡ ಕೊರೆಯುವ ಹುಳದ ಪತಂಗ ದೂರ ಓಡುತ್ತದೆ, ಯಾವುದಕ್ಕೆ ಮುಗಿಬೀಳುತ್ತದೆ ಅಂತ. ಕೊನೆಗೆ ಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಎಂಬ ದ್ವಿದಳ ಮೇವಿನ ಗಿಡ, ಹೊಲದ ಸುತ್ತ ನೇಪಿಯರ್ ಹುಲ್ಲು ಹಾಕಿದರು. ಡೆಸ್ಮೋಡಿಯಂ ವಾಸನೆ ಪತಂಗವನ್ನು ಹೊಲದಿಂದ ಆಚೆ ನೂಕುತ್ತದೆ, ಅಂಚಿನ ಹುಲ್ಲು ಸೆಳೆಯುತ್ತದೆ. ಪತಂಗ ಹುಲ್ಲಿನ ಮೇಲೆ ಮೊಟ್ಟೆ ಇಡುತ್ತದೆ, ಮರಿಹುಳ ಕೊರೆಯಲು ಹೋದರೆ ಹುಲ್ಲು ಅಂಟು ಬಿಟ್ಟು ಅದನ್ನು ಅಲ್ಲೇ ಹಿಡಿದು ಹಾಕುತ್ತದೆ. ಹೆಚ್ಚಿನವು ಬದುಕುವುದಿಲ್ಲ.

ಇಷ್ಟೇ ಆಗಿದ್ದರೂ ದೊಡ್ಡ ವಿಷಯ. ಆದರೆ ಡೆಸ್ಮೋಡಿಯಂ ಹಾಕಿದ ಕಡೆ ಸ್ಟ್ರೈಗಾ ಕೂಡ ಕಾಣೆಯಾಯಿತು. ಅದನ್ನು ಯಾರೂ ಎಣಿಸಿರಲಿಲ್ಲ. ಹುಳಕ್ಕೆ ಅಂತ ಹಾಕಿದ ಗಿಡ ಕಳೆಯನ್ನು ಹೇಗೆ ಕೊಂದಿತು? ಮತ್ತೆ ಪ್ರಯೋಗಶಾಲೆ, ಮತ್ತೆ ವರ್ಷಗಟ್ಟಲೆ ಕೆಲಸ. ಡೆಸ್ಮೋಡಿಯಂ ಬೇರು ಬಿಡುವ ರಸದಲ್ಲಿ ಒಂದು ವಸ್ತು ಸ್ಟ್ರೈಗಾ ಬೀಜವನ್ನು ಮೊಳೆಸುತ್ತದೆ. ಇನ್ನೊಂದು ವಸ್ತು ಆ ಮೊಳಕೆ ಜೋಳದ ಬೇರಿಗೆ ಅಂಟಿಕೊಳ್ಳದ ಹಾಗೆ ತಡೆಯುತ್ತದೆ. ಆಸರೆ ಸಿಗದ ಮೊಳಕೆ ಸಾಯುತ್ತದೆ. ಒಂದೊಂದು ಸ್ಟ್ರೈಗಾ ಗಿಡ ಹತ್ತಾರು ಸಾವಿರ ಬೀಜ ಉದುರಿಸುತ್ತದೆ, ಅವು ವರ್ಷಗಟ್ಟಲೆ ಮಣ್ಣಲ್ಲಿ ಮಲಗಿರುತ್ತವೆ. ಆ ಬೀಜವನ್ನು ಎಬ್ಬಿಸಿ ಕೊಲ್ಲುವ ಕೆಲಸ ಯಾವ ಕುಂಟೆಗೂ ಆಗುವುದಿಲ್ಲ. ಅಂದಹಾಗೆ, ಡೆಸ್ಮೋಡಿಯಂ ಕೂಡ ಅಮೆರಿಕ ಖಂಡದ ಗಿಡ. ಆಫ್ರಿಕಾದ ಅಜ್ಜಂದಿರ ಹೊಲದಲ್ಲಿ ಇದು ಇರಲೇ ಇಲ್ಲ.

ಹಾಗಂತ ಹಿಂದಿನವರಿಗೆ ಏನೂ ಗೊತ್ತಿರಲಿಲ್ಲ ಅಂತ ನಾನು ಹೇಳಿದೆ ಅಂದುಕೊಳ್ಳಬೇಡಿ. ಗೊತ್ತಿತ್ತು, ಬೇಕಾದಷ್ಟು ಗೊತ್ತಿತ್ತು. ಆದರೆ ಏನಾಗುತ್ತದೆ ಅಂತ ಗೊತ್ತಿರುವುದು ಬೇರೆ, ಯಾಕಾಗುತ್ತದೆ ಅಂತ ಗೊತ್ತಿರುವುದು ಬೇರೆ. ಇದನ್ನು ಕೈಯಲ್ಲೇ ಹಿಡಿದು ನೋಡಬಹುದು.

ಯಾವುದಾದರೂ ದ್ವಿದಳ ಗಿಡ ಹೂ ಬಿಡುವ ಹೊತ್ತಿಗೆ ಒಂದನ್ನು ಮಣ್ಣಿನ ಸಮೇತ ಮೆಲ್ಲಗೆ ಅಗೆದು ತೆಗೆಯಿರಿ. ಕೀಳಬೇಡಿ, ಕಿತ್ತರೆ ನೋಡಬೇಕಾದದ್ದೆಲ್ಲ ಮಣ್ಣಲ್ಲೇ ಉಳಿಯುತ್ತದೆ. ಬೇರನ್ನು ನೀರಲ್ಲಿ ಅಲುಗಾಡಿಸಿ. ಸಣ್ಣ ಸಣ್ಣ ಗಂಟು ಕಾಣುತ್ತವೆ. ಒಂದನ್ನು ಉಗುರಿನಲ್ಲಿ ಸೀಳಿ. ಒಳಗೆ ನಸುಗೆಂಪು ಬಣ್ಣ ಇದ್ದರೆ ಕೆಲಸ ನಡೆಯುತ್ತಿದೆ, ಬ್ಯಾಕ್ಟೀರಿಯಾ ಗಾಳಿಯಿಂದ ಸಾರಜನಕ ತಂದು ಗಿಡಕ್ಕೆ ಕೊಡುತ್ತಿದೆ ಅಂತ ಅರ್ಥ. ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ದೂರದ ನೆಂಟ. ಒಳಗೆ ಬೆಳ್ಳಗೋ ಹಸಿರಾಗಿಯೋ ಇದ್ದರೆ, ಬಾಡಿಗೆ ಕೊಡದೆ ಯಾರೋ ಮನೆಯಲ್ಲಿ ಕೂತಿದ್ದಾರೆ.

ದ್ವಿದಳ ಬೆಳೆದ ಹೊಲದಲ್ಲಿ ಮುಂದಿನ ಬೆಳೆ ಚೆನ್ನಾಗಿ ಬರುತ್ತದೆ ಅನ್ನುವುದು ರೋಮನ್ನರ ಕಾಲಕ್ಕೇ ಗೊತ್ತಿತ್ತು. ಅದಕ್ಕೆ ಈ ಗಂಟುಗಳೇ ಕಾರಣ ಅಂತ ಗೊತ್ತಾಗಿದ್ದು 1880ರ ದಶಕದಲ್ಲಿ. ಗಂಟಿನೊಳಗಿನ ಬ್ಯಾಕ್ಟೀರಿಯಾವನ್ನು ಬೈಯರಿಂಕ್ ಎಂಬ ಡಚ್ ವಿಜ್ಞಾನಿ ಬೇರ್ಪಡಿಸಿದ್ದು 1888ರಲ್ಲಿ. ಸರಿ, ಕಾರಣ ಗೊತ್ತಾಗಿ ಏನು ಬಂತು? ಬ್ರೆಜಿಲ್ ನೋಡಿ. ಸೋಯಾ ಅಲ್ಲಿಗೆ ಹೊರಗಿನ ಬೆಳೆ, ಅದಕ್ಕೆ ಹೊಂದುವ ಬ್ಯಾಕ್ಟೀರಿಯಾ ಅಲ್ಲಿನ ಮಣ್ಣಲ್ಲಿ ಇರಲಿಲ್ಲ. ಯೋಹಾನಾ ಡೋಬೆರೈನರ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು, ಸಾರಜನಕ ಗೊಬ್ಬರವನ್ನು ನೆಚ್ಚಿಕೊಳ್ಳದೆ, ಬೀಜಕ್ಕೆ ಹಚ್ಚಿ ಬಿತ್ತುವ ಬ್ಯಾಕ್ಟೀರಿಯಾದ ಜೊತೆ ಹೊಂದಿಕೊಳ್ಳುವ ಸೋಯಾ ತಳಿಗಳನ್ನೇ ಆರಿಸಿ ಅಂತ ಪಟ್ಟು ಹಿಡಿದರು. ಇವತ್ತು ಬ್ರೆಜಿಲ್‌ನ ಸೋಯಾ ಹೊಲಗಳಿಗೆ ಸಾರಜನಕ ಗೊಬ್ಬರ ಹಾಕುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. (ಆ ಹೊಲಗಳಿಗೆ ಕಳೆನಾಶಕ ಎಷ್ಟು ಹೊಡೆಯುತ್ತಾರೆ ಅನ್ನುವುದು ಬೇರೆ ಜಗಳ.) ಬರೀ ರೋಮನ್ನರ ಮಾತು ನಂಬಿಕೊಂಡು ಬಿತ್ತಿದ್ದರೆ ಏನೂ ಆಗುತ್ತಿರಲಿಲ್ಲ.

ಇನ್ನು "ಬಿಟ್ಟರೆ ಸಾಕು, ಪ್ರಕೃತಿ ನೋಡಿಕೊಳ್ಳುತ್ತೆ" ಅನ್ನುವವರಿಗೆ. 2021ರಲ್ಲಿ ಶ್ರೀಲಂಕಾ ರಾಸಾಯನಿಕ ಗೊಬ್ಬರದ ಆಮದನ್ನು ದಿಢೀರ್ ಅಂತ ನಿಲ್ಲಿಸಿತು. ವಿದೇಶಿ ವಿನಿಮಯದ ತಾಪತ್ರಯವೂ ಅದರ ಹಿಂದೆ ಇತ್ತು ಅನ್ನಿ. ಬದಲಿಗೆ ಏನು ಹಾಕಬೇಕು, ಎಷ್ಟು ಹಾಕಬೇಕು, ಎಲ್ಲಿಂದ ತರಬೇಕು, ಯಾವುದಕ್ಕೂ ತಯಾರಿ ಇರಲಿಲ್ಲ. ಭತ್ತದ ಇಳುವರಿ ಬಿತ್ತು, ಚಹಾಕ್ಕೂ ಪೆಟ್ಟು ಬಿತ್ತು, ಅದೇ ವರ್ಷ ನವೆಂಬರ್ ಹೊತ್ತಿಗೆ ಆದೇಶ ವಾಪಸ್. ಇದನ್ನು ತೋರಿಸಿ "ನೋಡಿದ್ರಾ, ಸಾವಯವ ಅಂದ್ರೆ ಇಷ್ಟೇ" ಅನ್ನುವವರೂ ಇದ್ದಾರೆ. ಅದೂ ತಪ್ಪು. ಈಜು ಕಲಿಸದೆ ಬಾವಿಗೆ ನೂಕಿ, ನೀರೇ ಸರಿ ಇಲ್ಲ ಅಂದ ಹಾಗಾಯಿತು.

ಪಕ್ಕದಲ್ಲೇ ಇಂಡೋನೇಷ್ಯಾದ ಕಥೆ ಇಟ್ಟು ನೋಡಿ. ಅಲ್ಲಿ ಭತ್ತಕ್ಕೆ ಕಂದು ಜಿಗಿಹುಳುವಿನ ಕಾಟ. ಔಷಧಿ ಹೊಡೆದಷ್ಟೂ ಹುಳ ಜಾಸ್ತಿ ಆಗುತ್ತಿತ್ತು. ಯಾಕೆ? ಗದ್ದೆಯಲ್ಲಿ ಆ ಹುಳವನ್ನು ತಿನ್ನುವ ಜೇಡಗಳು ಔಷಧಿಗೆ ಮೊದಲು ಸತ್ತವು, ಗಿಡದೊಳಗಿದ್ದ ಮೊಟ್ಟೆಗಳು ಉಳಿದವು. ಇದನ್ನು ಕೀಟ ವಿಜ್ಞಾನಿಗಳು ಗದ್ದೆಯಲ್ಲಿ ಲೆಕ್ಕ ಹಾಕಿ ತೋರಿಸಿದ ಮೇಲೆಯೇ 1986ರಲ್ಲಿ ಅಲ್ಲಿನ ಅಧ್ಯಕ್ಷರ ಆದೇಶ ಬಂತು. ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿದರು, ಮುಂದಿನ ಕೆಲವು ವರ್ಷಗಳಲ್ಲಿ ಔಷಧಿಯ ಸಬ್ಸಿಡಿಯೂ ನಿಂತಿತು. 1989ರಿಂದ ರೈತರ ಹೊಲದ ಪಾಠಶಾಲೆಗಳು ಶುರುವಾದವು. ವಾರಕ್ಕೊಮ್ಮೆ ಗದ್ದೆಗೆ ಇಳಿದು, ಬುಡದ ಹತ್ತಿರ ಬಗ್ಗಿ, ಎಷ್ಟು ಹುಳ, ಎಷ್ಟು ಜೇಡ ಅಂತ ಎಣಿಸಿ, ಚಿತ್ರ ಬರೆದು, ಆಮೇಲೆ ಹೊಡೆಯಬೇಕೋ ಬೇಡವೋ ಅಂತ ಅವರೇ ತೀರ್ಮಾನ ಮಾಡುವುದು. ಭತ್ತದ ಉತ್ಪಾದನೆ ಕುಸಿಯಲಿಲ್ಲ. ಅಲ್ಲೂ ನಿಲ್ಲಿಸಿದರು, ಇಲ್ಲೂ ನಿಲ್ಲಿಸಿದರು. ಒಂದು ಕಡೆ ಗೊತ್ತಿದ್ದು ನಿಲ್ಲಿಸಿದರು, ಅಷ್ಟೇ.

ಇಳುವರಿ ಕಡಿಮೆ ಅಲ್ವಾ ಅನ್ನುವ ಉಪಪ್ರಶ್ನೆ ಬರುತ್ತದೆ, ಬೇಗ ಮುಗಿಸುತ್ತೇನೆ. ಹೌದು, ಸರಾಸರಿಯಲ್ಲಿ ಕಡಿಮೆ. ಜಗತ್ತಿನ ಹಲವು ಪ್ರಯೋಗಗಳನ್ನು ಒಟ್ಟು ಸೇರಿಸಿ 2015ರಲ್ಲಿ ಮಾಡಿದ ಲೆಕ್ಕದಲ್ಲಿ ಸಾವಯವದ ಇಳುವರಿ ಶೇ. 19ರಷ್ಟು ಕಡಿಮೆ ಬಂತು. ಆದರೆ ಅದೇ ಲೆಕ್ಕದಲ್ಲಿ, ಮಿಶ್ರ ಬೆಳೆ ಮತ್ತು ಬೆಳೆ ಸರದಿಯನ್ನು ಸರಿಯಾಗಿ ಮಾಡಿದ ಕಡೆ ಕೊರತೆ ಶೇ. 8-9ಕ್ಕೆ ಇಳಿಯಿತು. ಅರ್ಧಕ್ಕರ್ಧ ಅಂತರ ಮುಚ್ಚಿದ್ದು ಯಾವ ಚೀಲವೂ ಅಲ್ಲ, ಯಾವುದರ ಪಕ್ಕ ಯಾವುದು, ಯಾವುದರ ನಂತರ ಯಾವುದು ಅನ್ನುವ ತಿಳಿವಳಿಕೆ. ಚೀನಾದ ಯುನ್ನಾನ್‌ನಲ್ಲಿ ಬೆಂಕಿರೋಗಕ್ಕೆ ಬೇಗ ತುತ್ತಾಗುವ ಭತ್ತದ ತಳಿಯನ್ನು ರೋಗ ತಡೆಯುವ ತಳಿಯ ಸಾಲುಗಳ ನಡುವೆ ನೆಟ್ಟರು. ಒಂದೇ ತಳಿ ನೆಟ್ಟ ಗದ್ದೆಗಿಂತ ರೋಗದ ತೀವ್ರತೆ ಶೇ. 94ರಷ್ಟು ಇಳಿಯಿತು. ಸಾವಿರಾರು ಎಕರೆಯಲ್ಲಿ ಮಾಡಿ 2000ನೇ ಇಸವಿಯಲ್ಲಿ ಪ್ರಕಟಿಸಿದ ಕೆಲಸ ಇದು. ಅದೇ ಬೀಜ, ಅದೇ ಗದ್ದೆ, ನೆಡುವ ಸಾಲು ಮಾತ್ರ ಬೇರೆ.

ಈಗ ದುಡ್ಡಿನ ವಿಷಯ. ಹೊಸ ಕೀಟನಾಶಕ ಕಂಡುಹಿಡಿದರೆ ಬಾಟಲಿಗೆ ತುಂಬಿ ಮಾರಬಹುದು. ಕಂಪನಿ ಅದಕ್ಕೆ ತಾನೇ ದುಡ್ಡು ಹಾಕುತ್ತದೆ, ವಾಪಸ್ ಬರುತ್ತದೆ ಅಂತ ಅದಕ್ಕೆ ಗೊತ್ತು. ಆದರೆ "ಆರು ಸಾಲು ಇದು, ಒಂದು ಸಾಲು ಅದು" ಅನ್ನುವುದನ್ನು ಯಾವ ಬಾಟಲಿಗೆ ತುಂಬುತ್ತೀರಿ? ಒಬ್ಬ ರೈತ ಮಾಡಿದರೆ ಪಕ್ಕದವನು ಬೇಲಿ ಮೇಲಿಂದ ನೋಡಿ ಕಲಿಯುತ್ತಾನೆ. ಕಲಿಯಬೇಕು ಕೂಡ. ಆದರೆ ಬೇಲಿ ಮೇಲಿಂದ ಬಿಲ್ ಕಳಿಸಲು ಆಗುವುದಿಲ್ಲ. ಹಾಗಾಗಿ ಇಂಥ ಸಂಶೋಧನೆಗೆ ಸಾರ್ವಜನಿಕರ ದುಡ್ಡೇ ಆಗಬೇಕು. ಮಾರಬಹುದಾದ ವಸ್ತುಗಳೂ ಇಲ್ಲದಿಲ್ಲ. ಹುಳ ಹಿಡಿಯಲು ತೂಗುಹಾಕುವ ಮೋಹಕ ಬಲೆ ನೋಡಿದ್ದೀರಲ್ವಾ? ಈಗ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಹೆಣ್ಣು ಪತಂಗ ಗಂಡನ್ನು ಕರೆಯುವ ಆ ವಾಸನೆ ಏನು ಅಂತ ಮೊದಲ ಸಲ ಗೊತ್ತಾಗಿದ್ದು 1959ರಲ್ಲಿ, ರೇಷ್ಮೆ ಪತಂಗದಲ್ಲಿ. ಜರ್ಮನಿಯ ಬುಟೆನಾಂಟ್ ಮತ್ತು ಸಂಗಡಿಗರು ಸುಮಾರು 20 ವರ್ಷ ಹಿಡಿದು, ಸುಮಾರು 5 ಲಕ್ಷ ಪತಂಗಗಳಿಂದ ತೆಗೆದದ್ದು ಕೆಲವೇ ಮಿಲಿಗ್ರಾಂ. ಯಾವ ಅಂಗಡಿಯವನು ಅಷ್ಟು ದಿನ ಕಾಯುತ್ತಾನೆ?

ಇಲ್ಲಿಗೆ ನೀವು ಕೇಳಿದ್ದು ಮುಗಿಯಿತು. ಕೇಳದೇ ಇರುವುದು ಒಂದಿದೆ, ಕೇಳಬೇಕಿತ್ತು: ಎಷ್ಟು ವರ್ಷ?

ಈ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟು ಜಾಸ್ತಿ. ಮೂರು ವರ್ಷದ ಯೋಜನೆ ಕೊಟ್ಟು ಮೂರನೇ ವರ್ಷಕ್ಕೆ ಫಲಿತಾಂಶ ಎಲ್ಲಿ ಅಂತ ಕೇಳುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ. ರಾಸಾಯನಿಕ ಬಿಟ್ಟ ಹೊಲ ಮೊದಲ ಎರಡು ಮೂರು ವರ್ಷ ತಡವರಿಸುವುದೇ ಮಾಮೂಲು. ಮಣ್ಣಿನ ಜೀವಿಗಳು ಮರಳಬೇಕು, ಹುಳ ತಿನ್ನುವ ಹುಳ ಬರಬೇಕು, ರೈತನಿಗೂ ಕೈ ಕೂರಬೇಕು. ಆ ತಡವರಿಕೆಯನ್ನಷ್ಟೇ ಅಳೆದು ಕಡತ ಮುಚ್ಚಿದರೆ ಉತ್ತರ ಯಾವಾಗಲೂ "ಆಗಲ್ಲ" ಅಂತಲೇ ಬರುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಹತ್ತಿರ 1978ರಿಂದ ಸಾವಯವ ಮತ್ತು ರೂಢಿಯ ಬೇಸಾಯವನ್ನು ಅಕ್ಕಪಕ್ಕ ಇಟ್ಟು ನೋಡುತ್ತಿದ್ದಾರೆ. 21 ವರ್ಷದ ಲೆಕ್ಕ 2002ರಲ್ಲಿ ಹೊರಬಂತು: ಇಳುವರಿ ಶೇ. 20 ಕಡಿಮೆ, ಆದರೆ ಗೊಬ್ಬರ ಮತ್ತು ಇಂಧನದ ಖರ್ಚು ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಕಡಿಮೆ. ಪ್ರಯೋಗ ಅಲ್ಲಿಗೇ ನಿಲ್ಲಲಿಲ್ಲ.

ಅದಕ್ಕಿಂತ ಹಿರಿಯ ಪ್ರಯೋಗ ರಾಥಮ್‌ಸ್ಟೆಡ್‌ನ ಬ್ರಾಡ್‌ಬಾಕ್ ಹೊಲದ್ದು. ಲಾಸ್ ಮತ್ತು ಗಿಲ್ಬರ್ಟ್ ಅದನ್ನು ಶುರು ಮಾಡಿದ್ದು 1843ರಲ್ಲಿ. ಲಾಸ್ ಸ್ವತಃ ರಾಸಾಯನಿಕ ಗೊಬ್ಬರದ ಕಾರ್ಖಾನೆ ನಡೆಸುತ್ತಿದ್ದವರು! ಒಂದು ಪಟ್ಟೆಗೆ ವರ್ಷಾ ವರ್ಷಾ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ರಾಸಾಯನಿಕ, ಒಂದಕ್ಕೆ ಏನೂ ಇಲ್ಲ. ಇವತ್ತಿಗೂ ಗೋಧಿ ಬಿತ್ತುತ್ತಲೇ ಇದ್ದಾರೆ. ಪ್ರತಿ ಕೊಯ್ಲಿನ ಕಾಳು, ಹುಲ್ಲು, ಆಗಾಗ ಮಣ್ಣು ತೆಗೆದಿಟ್ಟಿದ್ದಾರೆ.

ಇತ್ತೀಚಿನವರಿಗೆ ಆ ಹಳೇ ಹುಲ್ಲು ಉಪಯೋಗಕ್ಕೆ ಬಂತು. ಗೋಧಿಯ ಎಲೆಗೆ ಬರುವ ಎರಡು ಶಿಲೀಂಧ್ರಗಳಲ್ಲಿ ಒಮ್ಮೆ ಒಂದು ಮೇಲಾಗುತ್ತದೆ, ಒಮ್ಮೆ ಇನ್ನೊಂದು. ಯಾಕೆ ಅಂತ ಯಾರಿಗೂ ಹೊಳೆದಿರಲಿಲ್ಲ. 1840ರ ದಶಕದಿಂದ ಇಟ್ಟಿದ್ದ ಗೋಧಿಯಿಂದ ಆ ಶಿಲೀಂಧ್ರಗಳ ಡಿಎನ್‌ಎ ತೆಗೆದು ಲೆಕ್ಕ ಹಾಕಿದಾಗ, ಅವುಗಳ ಏರಿಳಿತ ಗಾಳಿಯಲ್ಲಿನ ಗಂಧಕದ ಹೊಗೆಯ ಏರಿಳಿತದ ಜೊತೆಗೇ ಸಾಗಿದ್ದು ಕಂಡಿತು. ಅದು 2005ರಲ್ಲಿ ಪ್ರಕಟವಾಯಿತು. ಆ ಹುಲ್ಲನ್ನು ಬಾಟಲಿಗೆ ತುಂಬಿ, ಬಿರಡೆ ಹಾಕಿ, ಮೇಣ ಹಚ್ಚಿ, ಇಸವಿ ಬರೆದು ಇಟ್ಟವರ ಕಾಲದಲ್ಲಿ ಡಿಎನ್‌ಎ ಅನ್ನುವ ಪದವೇ ಇರಲಿಲ್ಲ.