ಮಾರ್ಕನ ಸುವಾರ್ತೆ ಮುಗಿಯುವುದು ಎಲ್ಲಿ?

ಈಗಿನ ಹಲವು ಬೈಬಲ್‌ಗಳಲ್ಲಿ ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಮಾರ್ಕನ ಸುವಾರ್ತೆಯ ಕೊನೆಯ ಪುಟ ತೆಗೆದರೆ ಒಂದು ಬ್ರಾಕೆಟ್ ಕಾಣುತ್ತದೆ. 16ನೇ ಅಧ್ಯಾಯದ 8ನೇ ವಚನ ಮುಗಿದ ಮೇಲೆ ತೆರೆದು, 20ನೇ ವಚನಕ್ಕೆ ಮುಚ್ಚುತ್ತದೆ. ತುಂಬ ಹಳೆಯ ಪ್ರತಿಗಳಲ್ಲಿ ಈ ಭಾಗ ಇಲ್ಲ ಎಂದು ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು. ಅಷ್ಟೇ. ಓದುವವರು ಏನೆಂದುಕೊಳ್ಳಬೇಕು? ಬ್ರಾಕೆಟ್ ಹಾಕಿದ್ದೇ ತಪ್ಪು ಎಂದು ಕೆಲವರು ಸಿಟ್ಟಾಗುತ್ತಾರೆ. ಇನ್ನು ಕೆಲವರು ಇದೊಂದನ್ನೇ ಹಿಡಿದುಕೊಂಡು ಇಡೀ ಪುಸ್ತಕವೇ ಕಟ್ಟುಕತೆ ಎನ್ನುತ್ತಾರೆ. ಈ ಜಗಳದ ನಡುವೆ ಪುಸ್ತಕ ಹೇಗೆ ಬಂತು ಎಂದು ಕೇಳುವವರೇ ಕಡಿಮೆ.

ಮೊದಲು ಹೆಸರಿನ ವಿಷಯ. ಸುವಾರ್ತೆಯ ಒಳಗೆ ಎಲ್ಲೂ ಬರೆದವರ ಹೆಸರಿಲ್ಲ. ತಲೆಬರಹ ಆಮೇಲೆ ಸೇರಿದ್ದು ಎಂದೇ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಮಾರ್ಕನ ಹೆಸರು ಹೇಳುವ ಮೊದಲ ಸಾಕ್ಷಿ ಪಾಪಿಯಾಸ್. ಇವರು 2ನೇ ಶತಮಾನದ ಶುರುವಿನಲ್ಲಿ, ಈಗಿನ ಟರ್ಕಿಯಲ್ಲಿರುವ ಹಿಯರಾಪೊಲಿಸ್‌ನ ಬಿಷಪ್ ಆಗಿದ್ದರು. ಮಾರ್ಕ ಯೇಸುವಿನ ಶಿಷ್ಯ ಪೇತ್ರನ ದುಭಾಷಿಯಾಗಿದ್ದ, ನೆನಪಿದ್ದಷ್ಟನ್ನು ಸರಿಯಾಗಿ ಬರೆದ, ಆದರೆ ಅನುಕ್ರಮವಾಗಿ ಬರೆಯಲಿಲ್ಲ ಎಂಬುದು ಅವರ ಮಾತು. ಅದೂ ಒಬ್ಬ ಹಿರಿಯರಿಂದ ಕೇಳಿದ್ದು. ಪಾಪಿಯಾಸರ ಪುಸ್ತಕಗಳು ಕಳೆದುಹೋಗಿವೆ. 4ನೇ ಶತಮಾನದಲ್ಲಿ ಯುಸೀಬಿಯಸ್ ಎಂಬ ಬಿಷಪ್ ತಮ್ಮ ಸಭಾ ಚರಿತ್ರೆಯಲ್ಲಿ ಎತ್ತಿ ಬರೆದುಕೊಂಡದ್ದರಿಂದ ಆ ಮಾತು ನಮಗೆ ಸಿಕ್ಕಿದೆ. ಸಾಕ್ಷಿ ತೆಳುವಾದದ್ದೇ. ಆದರೂ ಹೆಸರು ಸುಮ್ನೆ ಅಂಟಿಸುವುದಾಗಿದ್ದರೆ ಪೇತ್ರನ ಹೆಸರನ್ನೇ ಅಂಟಿಸಬಹುದಿತ್ತು. ಹನ್ನೆರಡು ಮಂದಿ ಶಿಷ್ಯರಲ್ಲಿ ಸೇರದ ಮಾರ್ಕನೇ ಯಾಕೆ ಬೇಕಿತ್ತು, ಅಲ್ವಾ?

ಪುಸ್ತಕದ ಒಳಗೂ ಸುಳಿವುಗಳಿವೆ. ಊಟಕ್ಕೆ ಮುಂಚೆ ಯೆಹೂದ್ಯರು ಕೈ ತೊಳೆಯುವ ಪದ್ಧತಿಯನ್ನು 7ನೇ ಅಧ್ಯಾಯ ನಿಂತು ವಿವರಿಸುತ್ತದೆ. ಯೆಹೂದ್ಯ ಓದುಗರಿಗೆ ಅದನ್ನು ಹೇಳಬೇಕಾಗಿರಲಿಲ್ಲ. 12ನೇ ಅಧ್ಯಾಯದಲ್ಲಿ ಬಡ ವಿಧವೆ ಕಾಣಿಕೆ ಪೆಟ್ಟಿಗೆಗೆ ಹಾಕಿದ ಎರಡು ಕಾಸಿನ ಬೆಲೆಯನ್ನು ರೋಮನ್ ನಾಣ್ಯದಲ್ಲಿ ಲೆಕ್ಕ ಹಾಕಿ ತೋರಿಸಿದೆ. ಇದನ್ನು ನೋಡಿ ರೋಮ್‌ನಲ್ಲೇ ಬರೆದದ್ದು ಎನ್ನುವವರು ಬಹಳ. ಸಿರಿಯಾ ಕಡೆ ಬೆರಳು ತೋರಿಸುವವರೂ ಇದ್ದಾರೆ. ಕಾಲದ ಬಗ್ಗೆ ಅಷ್ಟು ತಕರಾರಿಲ್ಲ. ಜೆರೂಸಲೇಮಿನ ದೇವಾಲಯವನ್ನು ರೋಮನ್ ಸೈನ್ಯ ಕೆಡವಿದ ಕ್ರಿ.ಶ. 70ರ ಆಸುಪಾಸು ಎಂಬುದು ಹೆಚ್ಚಿನವರ ಅಂದಾಜು.

ಆಮೇಲೆ ಶತಮಾನಗಟ್ಟಲೆ ಈ ಪುಸ್ತಕ ಮೂಲೆಗೆ ಬಿತ್ತು. ಮಾರ್ಕನು ಇನ್ನೊಬ್ಬ ಸುವಾರ್ತೆಗಾರ ಮತ್ತಾಯನನ್ನು ಅನುಸರಿಸಿ ಚಿಕ್ಕದು ಮಾಡಿದ ಎಂದು ಸಂತ ಅಗಸ್ಟಿನ್ ಹೇಳಿದ್ದೇ ಮಾತಾಯಿತು. ದೊಡ್ಡದು ಕೈಯಲ್ಲಿರುವಾಗ ಚಿಕ್ಕದನ್ನು ಯಾರು ಓದುತ್ತಾರೆ? ಲೆಕ್ಕ ತಿರುಗಿದ್ದು 19ನೇ ಶತಮಾನದ ಜರ್ಮನಿಯಲ್ಲಿ. 1835ರಲ್ಲಿ ಲಾಖ್ಮನ್, 1838ರಲ್ಲಿ ವೈಸ್ ಮತ್ತು ವಿಲ್ಕೆ ಬರೆದ ಮೇಲೆ, ಮಾರ್ಕನೇ ಮೊದಲು, ಮತ್ತಾಯ ಮತ್ತು ಲೂಕ ಇವನನ್ನು ನೋಡಿ ಬರೆದರು ಎಂಬ ವಾದ ಗಟ್ಟಿಯಾಯಿತು. ಇವತ್ತಿಗೂ ಬಹುಪಾಲು ವಿದ್ವಾಂಸರ ಅಭಿಪ್ರಾಯ ಅದೇ.

ಈಗ ಬ್ರಾಕೆಟ್ ಒಳಗಿನ ಆ 12 ವಚನಗಳಿಗೆ ಬರೋಣ. ಅಧ್ಯಾಯದ ಶುರುವಿನಿಂದ 8ನೇ ವಚನದವರೆಗೆ ಆಗುವುದು ಇಷ್ಟು: ಮಗ್ದಲದ ಮರಿಯಳು, ಯಾಕೋಬನ ತಾಯಿ ಮರಿಯಳು, ಸಲೋಮೆ ಬೆಳಗಿನ ಜಾವ ಸಮಾಧಿಗೆ ಬಂದಿದ್ದಾರೆ. ಯೇಸು ಎದ್ದಿದ್ದಾನೆ, ನಿಮಗಿಂತ ಮುಂದಾಗಿ ಗಲಿಲಾಯಕ್ಕೆ ಹೋಗುತ್ತಾನೆ, ಶಿಷ್ಯರಿಗೆ ತಿಳಿಸಿ ಎಂದು ಬಿಳಿ ಬಟ್ಟೆಯ ಯುವಕ ಹೇಳುತ್ತಾನೆ. ಮೂವರೂ ನಡುಗುತ್ತ ಓಡಿಹೋಗುತ್ತಾರೆ. ಹೆದರಿದ್ದರಿಂದ ಯಾರಿಗೂ ಏನೂ ಹೇಳುವುದಿಲ್ಲ. ಮುಗಿಯಿತು. ಎದ್ದ ಯೇಸುವನ್ನು ಇಲ್ಲಿ ಯಾರೂ ಕಾಣುವುದೇ ಇಲ್ಲ.

4ನೇ ಶತಮಾನದ ಎರಡು ದೊಡ್ಡ ಗ್ರೀಕ್ ಪ್ರತಿಗಳಾದ ವ್ಯಾಟಿಕಾನಸ್ ಮತ್ತು ಸಿನಾಯ್ಟಿಕಸ್ ಇಲ್ಲಿಗೇ ನಿಲ್ಲುತ್ತವೆ. ವ್ಯಾಟಿಕಾನಸ್‌ನ ಆ ಪುಟ ನೋಡುವಂಥದ್ದು. ಪುಟಕ್ಕೆ ಮೂರು ಕಾಲಂ. ಒಂದು ಪುಸ್ತಕ ಮುಗಿದರೆ ಮುಂದಿನ ಕಾಲಂನಲ್ಲಿ ಇನ್ನೊಂದನ್ನು ಶುರುಮಾಡುವುದು ಅಲ್ಲಿನ ರೂಢಿ. ಮಾರ್ಕ ಎರಡನೇ ಕಾಲಂನಲ್ಲಿ ಮುಗಿಯುತ್ತದೆ. ಮೂರನೆಯದು ಪೂರ್ತಿ ಖಾಲಿ. ಲೂಕ ಶುರುವಾಗುವುದು ಪುಟ ತಿರುಗಿಸಿದ ಮೇಲೆ. ಇನ್ನೂ ಏನೋ ಇದೆಯಂತೆ ಎಂದು ಆ ಲಿಪಿಕಾರನಿಗೆ ಗೊತ್ತಿತ್ತು, ಎದುರಿಗಿದ್ದ ಪ್ರತಿಯಲ್ಲಿ ಇರಲಿಲ್ಲ ಎಂದು ಕೆಲವರು ಊಹಿಸುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ.

ಹಾಗಂತ ಆ ಭಾಗ ಇತ್ತೀಚಿನದೇನೂ ಅಲ್ಲ. ಕ್ರಿ.ಶ. 180ರ ಸುಮಾರಿಗೇ ಬಿಷಪ್ ಇರೇನಿಯಸ್ 19ನೇ ವಚನವನ್ನು ಮಾರ್ಕನ ಮಾತೆಂದು ಉದಾಹರಿಸಿದ್ದಾರೆ. ಆಮೇಲಿನ ಕೈಬರಹದ ಪ್ರತಿಗಳಲ್ಲಿ ಬಹುಪಾಲಿನಲ್ಲಿ ಅದು ಇದೆ. ಆದರೆ ಓದಿದರೆ ಹೊಲಿಗೆ ಕಾಣುತ್ತದೆ. 1ನೇ ವಚನದಲ್ಲೇ ಬಂದ ಮಗ್ದಲದ ಮರಿಯಳನ್ನು 9ನೇ ವಚನ ಹೊಸಬಳಂತೆ, ಏಳು ದೆವ್ವ ಬಿಟ್ಟುಹೋದವಳು ಎಂದು ಪರಿಚಯ ಮಾಡಿಸುತ್ತದೆ. ಗಲಿಲಾಯದಲ್ಲಿ ಭೇಟಿಯಾಗುವ ಮಾತೇ ಮತ್ತೆ ಬರುವುದಿಲ್ಲ. ಬೇರೆ ಸುವಾರ್ತೆಗಳಲ್ಲಿ ಬರುವ ಘಟನೆಗಳೇ ಇಲ್ಲಿ ಒಂದೊಂದು ಸಾಲಿನಲ್ಲಿ ಸರಸರ ಬಂದು ಹೋಗುತ್ತವೆ. ಕೊನೆ ಇಲ್ಲದ ಪುಸ್ತಕವನ್ನು ಹಾಗೇ ಬಿಡಲು ಯಾರಿಗೋ ಮನಸ್ಸಾಗಲಿಲ್ಲ. ಅದರಲ್ಲಿ ಮೋಸ ಹುಡುಕಬೇಕಾಗಿಲ್ಲ.

ಆದರೆ ಆ 8ನೇ ವಚನ ನಿಜಕ್ಕೂ ಅಷ್ಟು ಅಪೂರ್ಣವೇ? ಮಾರ್ಕನಲ್ಲಿ ಹೆದರಿಕೆ ಮೊದಲಿಂದಲೂ ಇದೆ. ಯೇಸು ಬಿರುಗಾಳಿ ನಿಲ್ಲಿಸಿದಾಗ ದೋಣಿಯಲ್ಲಿದ್ದ ಶಿಷ್ಯರಿಗೆ ಸಮಾಧಾನವಾಗುವುದಿಲ್ಲ, ಇನ್ನೂ ಜಾಸ್ತಿ ಭಯವಾಗುತ್ತದೆ. ಬೇತ್ಸಾಯಿದದ ಕುರುಡನಿಗೆ ಒಂದೇ ಸಲಕ್ಕೆ ಕಣ್ಣು ಬರುವುದಿಲ್ಲ. ಮೊದಲು ಮನುಷ್ಯರು ಓಡಾಡುವ ಮರಗಳ ಹಾಗೆ ಕಾಣುತ್ತಾರೆ, ಎರಡನೇ ಸಲ ಕೈ ಇಟ್ಟ ಮೇಲೆ ಸರಿಯಾಗುತ್ತದೆ. ಅದರ ಬೆನ್ನಿಗೇ ನೀನೇ ಕ್ರಿಸ್ತ ಎಂದು ಪೇತ್ರ ಹೇಳುತ್ತಾನೆ. ಆ ಕ್ರಿಸ್ತ ಸಾಯಬೇಕು ಎಂದ ತಕ್ಷಣ ಯೇಸುವನ್ನೇ ಗದರಿಸುತ್ತಾನೆ. ಅವನಿಗೂ ಕಂಡದ್ದು ಅರ್ಧವೇ. ಯಾರಿಗೂ ಹೇಳಬೇಡಿ ಎಂದು ಯೇಸು ಪದೇ ಪದೇ ತಾಕೀತು ಮಾಡುವುದರ ಗುಟ್ಟೇನು ಎಂದು 1901ರಲ್ಲಿ ಜರ್ಮನ್ ವಿದ್ವಾಂಸ ವ್ರೇಡೆ ಒಂದು ಪುಸ್ತಕವನ್ನೇ ಬರೆದರು. ಆ ಚರ್ಚೆ ಇನ್ನೂ ನಿಂತಿಲ್ಲ. ಇಂಥ ಪುಸ್ತಕ ಹೆದರಿಕೆಯಲ್ಲಿ ಮುಗಿದರೆ ಅಷ್ಟೇನೂ ಆಶ್ಚರ್ಯವಿಲ್ಲ. ಕೊನೆಯ ಹಾಳೆ ಹರಿದುಹೋಗಿರಬೇಕು ಎಂಬ ವಾದವೂ ಇದೆ. ಹರಿದ ಹಾಳೆಯಂತೂ ಸಿಕ್ಕಿಲ್ಲ.

ಇದು ಬರೀ ಪಂಡಿತರ ತಕರಾರಲ್ಲ. ನಂಬಿದವರು ಹಾವುಗಳನ್ನು ಎತ್ತುವರು, ವಿಷ ಕುಡಿದರೂ ಕೇಡಾಗದು ಎಂಬ ಮಾತು ಬರುವುದು ಈ 12 ವಚನಗಳಲ್ಲೇ. ಅಮೆರಿಕದ ಅಪಲಾಚಿಯನ್ ಬೆಟ್ಟಗಳ ಕೆಲವು ಸಭೆಗಳು 20ನೇ ಶತಮಾನದ ಶುರುವಿನಿಂದ ಇದನ್ನು ಅಕ್ಷರಶಃ ಪಾಲಿಸಿ, ಆರಾಧನೆಯಲ್ಲಿ ವಿಷದ ಹಾವು ಹಿಡಿದವು. ಆ ಪದ್ಧತಿಗೆ ಹೆಸರಾಗಿದ್ದ ಬೋಧಕರೊಬ್ಬರು 1955ರಲ್ಲಿ ಹಾವು ಕಚ್ಚಿಯೇ ತೀರಿಕೊಂಡರು. ಅಡಿಟಿಪ್ಪಣಿಯ ಆ ಸಣ್ಣಕ್ಷರ ಸ್ವಲ್ಪ ದಪ್ಪಗಿದ್ದರೆ ಒಳ್ಳೆಯದಿತ್ತು.

ಕಥೋಲಿಕ ಸಭೆ ಈ ವಚನಗಳನ್ನು ಧರ್ಮಗ್ರಂಥದ ಭಾಗವೆಂದೇ ಒಪ್ಪುತ್ತದೆ. ಯಾರು ಬರೆದರು ಎಂಬುದು ಅದಕ್ಕೆ ಬೇರೆ ಪ್ರಶ್ನೆ. ಪೂಜೆಯ ವಾಚನಗಳನ್ನು ನೋಡಿದರೆ ಮಾತ್ರ ತಮಾಷೆ. ಮೂರು ವರ್ಷಕ್ಕೊಮ್ಮೆ, ಈಸ್ಟರ್ ಹಿಂದಿನ ಪಾಸ್ಖ ಜಾಗರಣೆಯ ರಾತ್ರಿ ಮಾರ್ಕನ 16ನೇ ಅಧ್ಯಾಯ ಓದುತ್ತಾರೆ, 7ನೇ ವಚನಕ್ಕೆ ನಿಲ್ಲಿಸುತ್ತಾರೆ. ಹೆದರಿ ಓಡಿದ 8ನೇ ವಚನ ಅವತ್ತು ಕೇಳಿಸುವುದಿಲ್ಲ. ಏಪ್ರಿಲ್ 25 ಸಂತ ಮಾರ್ಕನ ಹಬ್ಬ. ಅವತ್ತು ಓದುವುದು ಅದೇ ಅಧ್ಯಾಯದ 15ರಿಂದ 20ನೇ ವಚನ, ಅಂದರೆ ಅವನು ಬರೆದಿರಲಿಕ್ಕಿಲ್ಲ ಎಂದು ಹೆಚ್ಚಿನ ವಿದ್ವಾಂಸರು ಹೇಳುವ ಭಾಗ.